ಹಿಮದ ಮೇಲೆ ಮಗಳು, ಬೀರುವಿನಲ್ಲಿ ಪಾಲಿಸಿ

ನಮ್ಮ ತಿಪಟೂರಿಗೂ ಹಿಮಕ್ಕೂ ಏನು ಸಂಬಂಧ ಅಂತ ನೀವು ಕೇಳಬಹುದು. ಕೇಳಲೇಬೇಕು. 2023ಕ್ಕೆ ಮುಂಚೆ ಯಾರಾದರೂ ಈ ಮಾತು ಎತ್ತಿದ್ದರೆ ನಾನೂ ಹಾಗೇ ಕೇಳುತ್ತಿದ್ದೆ. ಕೊಬ್ಬರಿ ಹರಾಜು, ತೆಂಗಿನ ಗರಿ, ಬೇಸಿಗೆಯ ಧೂಳು ಇವು ಬಿಟ್ಟರೆ ಬೇರೆ ಕಂಡವರಲ್ಲ ನಾವು. ಹಿಮ ಅಂದರೆ ಫ್ರಿಜ್ಜಿನ ಮೇಲ್ಗಡೆ ಕಟ್ಟಿಕೊಳ್ಳುತ್ತಿತ್ತಲ್ಲ, ಅಷ್ಟೇ ನನಗೆ ಗೊತ್ತಿದ್ದದ್ದು.

ಆದರೆ ಮಕ್ಕಳು ನಮ್ಮ ಹಾಗಲ್ಲ ನೋಡಿ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಮ್ಮ ಹಿರಿಮಗಳು ಪುಟ್ಟಿ (ಮನೆಯಲ್ಲಿ ಕರೆಯುವ ಹೆಸರು, ಆಗ ಅವಳಿಗೆ ಇಪ್ಪತ್ತನಾಲ್ಕು) ಆ ವರ್ಷ ಸಂಕ್ರಾಂತಿಗೆ ಬಂದವಳು, ಎಳ್ಳುಬೆಲ್ಲ ಮೆಲ್ಲುತ್ತಾ ನಿಧಾನವಾಗಿ ವಿಷಯ ತೆಗೆದಳು.

"ಅಮ್ಮ, ಮಾರ್ಚ್‌ನಲ್ಲಿ ಹದಿನೈದು ದಿನ ರಜ ಹಾಕಿ ನಾರ್ವೆಗೆ ಹೋಗಿ ಬರ್ತೀನಿ. ಹಾಸ್ಟೆಲ್‌ನಲ್ಲಿ ನನ್ ಜೊತೆ ಇದ್ದವಳು ಅಲ್ಲಿ ಆಸ್ಲೋದಲ್ಲಿದಾಳಲ್ಲ, ಅವಳ ಮನೇಲೇ ಇರೋದು. ಟೆಲಿಮಾರ್ಕ್ ಸ್ಕೀಯಿಂಗ್ ಕಲೀಬೇಕು ಅಂತ."

"ಅದೇನೇ ಅದು? ಜಾರುಬಂಡೆ ಥರಾನಾ?"

"ಹೂಂ ಕಣಮ್ಮ, ಜಾರುಬಂಡೆ ಥರಾನೇ. ಸ್ವಲ್ಪ ದೊಡ್ಡದು."

ಸ್ವಲ್ಪ ದೊಡ್ಡದಂತೆ! ಆ ಜಾರುಬಂಡೆ ಎಷ್ಟು ದೊಡ್ಡದು, ಅದರಲ್ಲಿ ಬಿದ್ದರೆ ಯಾರು ದುಡ್ಡು ಕೊಡುತ್ತಾರೆ, ಯಾರು ಕೊಡುವುದಿಲ್ಲ ಅನ್ನುವುದನ್ನು ನಾನು ಕಲಿತದ್ದು ನನ್ನ ನಾಲ್ಕು ಬಳೆ ಬ್ಯಾಂಕಿನಲ್ಲಿ ಅಡವಿಟ್ಟ ಮೇಲೆ. ನಿಮಗೆ ಆ ಪಾಠ ಪುಕ್ಕಟೆ ಸಿಗಲಿ ಅಂತ ಈ ಲೇಖನ ಬರೆಯುತ್ತಿದ್ದೇನೆ. ನಿಮ್ಮ ಮಗನೋ ಮಗಳೋ ಅಳಿಯನೋ ನಾಳೆ ಇಂಥದ್ದೇ ಪ್ರವಾಸಕ್ಕೆ ಹೊರಟು ನಿಂತಾಗ ಉಪಯೋಗಕ್ಕೆ ಬಂದೀತು.

ಹಿಮ್ಮಡಿ ಕಟ್ಟದ ಆಟ

ಮೊದಲು ಈ ಆಟ ಏನು ಅಂತ ತಿಳಿಯೋಣ. ಟೆಲಿಮಾರ್ಕ್ ಅನ್ನುವುದು ನಾರ್ವೆ ದೇಶದ ದಕ್ಷಿಣಕ್ಕಿರುವ ಒಂದು ಸೀಮೆ. ಅಲ್ಲಿಯ ಮೋರ್ಗೆದಾಲ್ ಎಂಬ ಹಳ್ಳಿಯಲ್ಲಿ 1825ರಲ್ಲಿ ಹುಟ್ಟಿದ ಸೋಂದ್ರೆ ನೋರ್‌ಹೈಮ್ ಎಂಬ ಬಡವ ಈ ಆಟಕ್ಕೆ ಹೆಸರು ತಂದವನು. ಸ್ವಂತ ಜಮೀನಿಲ್ಲದ ಗೇಣಿದಾರ. ಮರದ ಪಟ್ಟಿಗಳನ್ನು ಕಾಲಿಗೆ ಕಟ್ಟಿಕೊಂಡು ಹಿಮದ ಮೇಲೆ ಓಡಾಡುವುದು ಆ ದೇಶದಲ್ಲಿ ಸಾವಿರಾರು ವರ್ಷದ ಹಳೆಯ ರೂಢಿ. ಆದರೆ ಬರೀ ಬೆರಳ ಕಡೆ ಕಟ್ಟಿದರೆ ಇಳಿಜಾರಿನಲ್ಲಿ ಪಟ್ಟಿ ಕಳಚಿ ಹೋಗುತ್ತಿತ್ತು. ಇವನು ಎಳೆ ಕಡ್ಡಿಗಳನ್ನು ಹುರಿಮಾಡಿ, ಹಿಮ್ಮಡಿಯ ಹಿಂದಿನಿಂದ ಸುತ್ತಿ ಕಟ್ಟಿದ. ಪಟ್ಟಿ ಕಾಲಿನಲ್ಲೇ ನಿಂತಿತು, ಹಿಮ್ಮಡಿ ಮಾತ್ರ ಮೇಲೇಳುವಂತೆ ಸಡಿಲವಾಗಿ ಉಳಿಯಿತು. 1868ರಲ್ಲಿ ತನ್ನ ಹಳ್ಳಿಯಿಂದ ಸುಮಾರು 200 ಕಿಲೋಮೀಟರು ಸ್ಕೀ ಮೇಲೇ ರಾಜಧಾನಿಗೆ ಹೋಗಿ (ಈಗಿನ ಆಸ್ಲೋಗೆ ಆಗ ಕ್ರಿಶ್ಚಿಯಾನಿಯಾ ಅಂತ ಹೆಸರು) ಅಲ್ಲಿಯ ಪಂದ್ಯ ಗೆದ್ದ. ಆಗ ಅವನಿಗೆ ನಲವತ್ತು ದಾಟಿತ್ತು! ಕೊನೆಗೆ ಹೊಟ್ಟೆಪಾಡಿಗೆ 1884ರಲ್ಲಿ ಅಮೆರಿಕಕ್ಕೆ ಹೋಗಿ 1897ರಲ್ಲಿ ಅಲ್ಲೇ ತೀರಿಕೊಂಡ. 1952ರಲ್ಲಿ ಆಸ್ಲೋದಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆದಾಗ ಜ್ಯೋತಿಯನ್ನು ಹೊತ್ತಿಸಿದ್ದು ಅವನ ಮನೆಯ ಒಲೆಯಲ್ಲಿ.

ಮಾಮೂಲಿ ಸ್ಕೀಯಲ್ಲಿ ಬೂಟಿನ ಮುಂದೂ ಹಿಂದೂ ಬಿಗಿಯಾಗಿ ಪಟ್ಟಿಗೆ ಸಿಕ್ಕಿಕೊಂಡಿರುತ್ತದೆ. ಟೆಲಿಮಾರ್ಕ್‌ನಲ್ಲಿ ಬೆರಳ ಕಡೆ ಮಾತ್ರ ಹಿಡಿತ. ನಮ್ಮ ಹವಾಯಿ ಚಪ್ಪಲಿ ನೆನೆಸಿಕೊಳ್ಳಿ, ನಡೆಯುವಾಗ ಹಿಮ್ಮಡಿ ಎದ್ದೇಳುತ್ತದಲ್ಲ, ಹಾಗೆ. ತಿರುಗಬೇಕಾದಾಗ ಒಂದು ಕಾಲು ಮುಂದೆ ಸರಿಸಿ, ಹಿಂದಿನ ಕಾಲಿನ ಹಿಮ್ಮಡಿ ಎತ್ತಿ, ಮಂಡಿ ಬಗ್ಗಿಸಿ ಕೂರುವ ಹಾಗೆ ಇಳಿಯುತ್ತಾರೆ. ಬೆಳಿಗ್ಗೆ ಹೊಸ್ತಿಲ ಮುಂದೆ ರಂಗೋಲಿ ಎಳೆಯುವಾಗ ನಾವು ಒಂದು ಮಂಡಿ ಮುಂದಿಟ್ಟು ಬಗ್ಗುತ್ತೇವಲ್ಲ, ಅದೇ ಭಂಗಿ. ನಾವು ನಿಂತ ನೆಲದ ಮೇಲೆ, ಅವರು ಜಾರುವ ಬೆಟ್ಟದ ಮೇಲೆ. ನೋಡಲು ಬಲು ಚಂದ. ಆದರೆ ಭಾರವೆಲ್ಲ ಮಂಡಿಯ ಮೇಲೆ ಬೀಳುತ್ತದೆ. ಮಾಮೂಲಿ ಸ್ಕೀಯ ಕೊಂಡಿ ಬಿದ್ದಾಗ ತಾನಾಗಿ ಕಳಚಿಕೊಳ್ಳುವಂತೆ ಮಾಡಿರುತ್ತಾರೆ. ಟೆಲಿಮಾರ್ಕ್‌ನ ಎಷ್ಟೋ ಕೊಂಡಿಗಳು ಹಾಗೆ ಕಳಚುವುದಿಲ್ಲ. ಕಾಲಿನ ಜೊತೆ ಪಟ್ಟಿಯೂ ತಿರುಚಿಕೊಳ್ಳುತ್ತದೆ. ವಿಮೆಯ ಮಾತಿಗೆ ಬಂದಾಗ ಈ ಸಂಗತಿ ನೆನಪಿರಲಿ.

ವೀಸಾಕ್ಕೆ ಬೇಕಾದ ಕಾಗದ

ನಾರ್ವೆಗೆ ಹೋಗಲು ಷೆಂಗನ್ ವೀಸಾ ಬೇಕು. ಆ ವೀಸಾ ಕೇಳುವವರು ಪ್ರವಾಸ ವಿಮೆ ಮಾಡಿಸಿಯೇ ಅರ್ಜಿ ಹಾಕಬೇಕು. ಕಡಿಮೆಯೆಂದರೂ 30,000 ಯೂರೋ ಮೊತ್ತದ್ದು, ಅಂದರೆ ನಮ್ಮ ರೂಪಾಯಿಯಲ್ಲಿ 25 ಲಕ್ಷಕ್ಕೂ ಮೇಲೆ. ತುರ್ತು ಚಿಕಿತ್ಸೆ, ಆಸ್ಪತ್ರೆ ಖರ್ಚು, ಕಾಯಿಲೆಯವರನ್ನು ಊರಿಗೆ ಕಳಿಸುವ ಖರ್ಚು, ದೇವರು ಹಾಗೆ ಮಾಡದಿರಲಿ, ಪ್ರಾಣ ಹೋದರೆ ದೇಹ ಕಳಿಸುವ ಖರ್ಚು, ಇವೆಲ್ಲ ಅದರಲ್ಲಿ ಇರಬೇಕು.

ನಮ್ಮವರ ಸ್ನೇಹಿತರೊಬ್ಬರ ಮೂಲಕ ಪಾಲಿಸಿ ಮಾಡಿಸಿದೆವು. ಹದಿನೈದು ದಿನಕ್ಕೆ ಸಾವಿರ ಚಿಲ್ಲರೆ ರೂಪಾಯಿ. "ಇಷ್ಟು ಕಡಿಮೆಗೆ ಇಪ್ಪತ್ತೈದು ಲಕ್ಷದ ರಕ್ಷಣೆಯಾ!" ಅಂತ ನನಗೆ ಖುಷಿಯೋ ಖುಷಿ. ಮೂವತ್ತು ಪುಟದ ಕಾಗದ ಬಂತು. ಮೊದಲ ಪುಟದಲ್ಲಿ ಮಗಳ ಹೆಸರು ಸರಿಯಿದೆಯಾ ಅಂತ ನೋಡಿದೆ. ಅರಿಶಿನ ಕುಂಕುಮ ಹಚ್ಚಿ ಒಂದು ಪ್ರತಿಯನ್ನು ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಇಟ್ಟೆ. ಮಿಕ್ಕ ಇಪ್ಪತ್ತೊಂಬತ್ತು ಪುಟ ಯಾರೂ ಓದಲಿಲ್ಲ. ಎಸ್ಸೆಸ್ಸೆಲ್ಸಿ ಓದಿದ ನಾನೂ ಓದಲಿಲ್ಲ, ಎಂಜಿನಿಯರಿಂಗ್ ಓದಿದ ಅವಳೂ ಓದಲಿಲ್ಲ. ಅವಳು ಅಲ್ಲಿ ಏನು ಮಾಡಲು ಹೋಗುತ್ತಾಳೆ ಅಂತ ಮಾಡಿಸಿಕೊಟ್ಟವರು ಕೇಳಲಿಲ್ಲ, ನಾವು ಹೇಳಲೂ ಇಲ್ಲ.

ಆ ರಾತ್ರಿಯ ಫೋನು

ಮಗಳು ಹೋದದ್ದು ಟೆಲಿಮಾರ್ಕ್ ಸೀಮೆಯ ರ್ಯೂಕಾನ್ ಎಂಬ ಊರಿನ ಕಡೆಗೆ. ಆ ಊರಿನ ಕಥೆ ಕೇಳಿ. ಸುತ್ತ ಎತ್ತರದ ಬೆಟ್ಟ, ನಡುವೆ ಕಣಿವೆಯಲ್ಲಿ ಊರು. ಚಳಿಗಾಲ ಬಂತೆಂದರೆ ಸುಮಾರು ಆರು ತಿಂಗಳು ಊರೊಳಕ್ಕೆ ಬಿಸಿಲೇ ಬೀಳುವುದಿಲ್ಲ. 2013ರಲ್ಲಿ ಬೆಟ್ಟದ ಮೇಲೆ ದೊಡ್ಡ ದೊಡ್ಡ ಮೂರು ಕನ್ನಡಿ ನಿಲ್ಲಿಸಿ, ಬಿಸಿಲನ್ನು ಊರ ಚೌಕಕ್ಕೆ ಹಾಯಿಸಿದ್ದಾರೆ! ಪುಟ್ಟಿ ಆ ಕನ್ನಡಿ ಬಿಸಿಲಲ್ಲಿ ನಿಂತು ಫೋಟೋ ಕಳಿಸಿದ್ದಳು. ಪಕ್ಕದಲ್ಲೇ ಗೌಸ್ತಾ ಬೆಟ್ಟ, 1,883 ಮೀಟರು ಎತ್ತರ. ನಮ್ಮ ಮುಳ್ಳಯ್ಯನಗಿರಿಗಿಂತ ಸ್ವಲ್ಪ ಗಿಡ್ಡ. ಆದರೆ ಮುಳ್ಳಯ್ಯನಗಿರಿಯಲ್ಲಿ ಕಾಲು ಜಾರಿದರೆ ಹುಲ್ಲು ಸಿಗುತ್ತದೆ, ಅಲ್ಲಿ ಮಂಜುಗಡ್ಡೆ.

ಐದನೆಯ ದಿನ. ನಮಗೆ ರಾತ್ರಿ ಒಂಬತ್ತೂವರೆ, ಅವರಿಗೆ ಸಂಜೆ ಐದು. ರಾತ್ರಿಗೆ ಮಾಡಿದ್ದ ಮುದ್ದೆ ಸಾರು ಮುಗಿಸಿ ಪಾತ್ರೆ ತೊಳೆಯುತ್ತಿದ್ದೆ. ಅವಳ ಗೆಳತಿ ಫೋನು ಮಾಡಿದಳು.

"ಆಂಟಿ, ಗಾಬರಿಯಾಗ್ಬೇಡಿ. ಪುಟ್ಟಿ ಚೆನ್ನಾಗಿದಾಳೆ. ಮಂಡಿಗೆ ಸ್ವಲ್ಪ ಏಟಾಗಿದೆ ಅಷ್ಟೆ."

'ಸ್ವಲ್ಪ' ಅನ್ನುವ ಮಾತಿಗೆ ಮಕ್ಕಳ ನಿಘಂಟಿನಲ್ಲಿ ಬೇರೆಯೇ ಅರ್ಥ ಇರಬೇಕು. ತಿರುಗುವಾಗ ಆಯ ತಪ್ಪಿ ಬಿದ್ದಿದ್ದಳು. ಪಟ್ಟಿ ಕಳಚಲಿಲ್ಲ, ಮಂಡಿ ತಿರುಚಿತು. ಒಳಗಿನ ಮುಖ್ಯ ನಾರು ಹರಿದಿತ್ತು. ಡಾಕ್ಟರುಗಳು ಅದನ್ನು ಎ.ಸಿ.ಎಲ್. ಅನ್ನುತ್ತಾರೆ. ಬೆಟ್ಟದ ಕಾವಲಿನವರು ಜಾರುಗಾಡಿಯಲ್ಲಿ ಮಲಗಿಸಿ ಕೆಳಗಿಳಿಸಿದರು. ಅದಕ್ಕೆ ಅವರು ದುಡ್ಡು ಕೇಳಲಿಲ್ಲ. ಆದರೆ ಆಸ್ಪತ್ರೆಯ ಬಿಲ್ಲು ಪೂರ್ತಿ ಅವಳದ್ದೇ. ಆ ದೇಶದವರಿಗೆ ಸರ್ಕಾರ ಭರಿಸುತ್ತದೆ, ಪ್ರವಾಸಕ್ಕೆ ಬಂದ ನಮ್ಮಂಥವರು ಪೂರಾ ಕೊಡಬೇಕು. ಎಕ್ಸ್‌ರೇ, ಸ್ಕ್ಯಾನು, ಕಾಲಿಗೆ ಪಟ್ಟಿ, ಊರುಗೋಲು ಎಲ್ಲ ಸೇರಿ ಒಂದು ಲಕ್ಷದ ಹತ್ತು ಸಾವಿರ. ಕಾಲು ಮಡಿಸುವ ಹಾಗಿಲ್ಲ, ಮಾಮೂಲಿ ಸೀಟಿನಲ್ಲಿ ಕೂರುವ ಹಾಗಿಲ್ಲ. ಟಿಕೆಟ್ಟು ಬದಲಾಯಿಸಿ, ಕಾಲು ಚಾಚುವಂಥ ದೊಡ್ಡ ಸೀಟು ತೆಗೆದುಕೊಳ್ಳಲು ಒಂದು ಲಕ್ಷದ ಅರವತ್ತು ಸಾವಿರ. ಟ್ಯಾಕ್ಸಿ ಗೀಕ್ಸಿ ಸೇರಿಸಿ ಹತ್ತಿರ ಹತ್ತಿರ ಮೂರು ಲಕ್ಷ.

"ವಿಮೆ ಇದೆಯಲ್ಲ, ಯಾಕೆ ಯೋಚನೆ" ಅಂದರು ನಮ್ಮವರು. ಸದ್ಯಕ್ಕೆ ಕಳಿಸೋಣ, ಆಮೇಲೆ ಬರುತ್ತದೆ ಅಂತ ನನ್ನ ಬಳೆ ಬಿಚ್ಚಿಕೊಟ್ಟೆ.

ಬರಲಿಲ್ಲ.

ಹದಿನೇಳನೆಯ ಪುಟ

ಆರು ವಾರದ ಮೇಲೆ ಕಂಪೆನಿಯಿಂದ ಬಂದದ್ದು ಒಂದೇ ಪುಟದ ಕಾಗದ. ಪಾಲಿಸಿಯ ಹದಿನೇಳನೆಯ ಪುಟ ನೋಡಿಕೊಳ್ಳಿ, ಚಳಿಗಾಲದ ಆಟಗಳು ಮತ್ತು ಅಪಾಯದ ಸಾಹಸಗಳಿಂದ ಆದ ಗಾಯಕ್ಕೆ ಪರಿಹಾರವಿಲ್ಲ ಅಂತ. ಬೀರು ತೆಗೆದೆ. ಸೀರೆಗಳ ಕೆಳಗಿನಿಂದ ಕಾಗದ ಎಳೆದು, ಚಿಕ್ಕಮಗನ ಇಂಗ್ಲಿಷ್ ನಿಘಂಟು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಪದ ಬಿಡಿಸಿ ಓದಿದೆ. ಇತ್ತು. ಸಾಸಿವೆ ಕಾಳಿನಂಥ ಅಕ್ಷರದಲ್ಲಿ, ಆದರೆ ಸ್ಪಷ್ಟವಾಗಿ ಇತ್ತು. ಕಂಪೆನಿಯನ್ನು ಬಯ್ಯೋಣ ಅಂದರೆ ಕಾಗದದ ಪ್ರಕಾರ ಅವರು ಸುಳ್ಳು ಹೇಳಿರಲಿಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಹಾಗಾಯಿತು ನನ್ನ ಓದು.

ಮನೆಗೆ ಬಂದ ನಾದಿನಿ, "ಹೆಣ್ಮಕ್ಕಳಿಗೆ ಯಾಕೆ ಬೇಕಿತ್ತು ಅತ್ತಿಗೆ ಇದೆಲ್ಲ? ನಾಳೆ ಗಂಡಿನ ಕಡೆಯವರು ಕಾಲಿನ ವಿಚಾರ ಕೇಳಿದ್ರೆ ಏನ್ ಹೇಳ್ತೀರಿ?" ಅಂದಳು. ಊರುಗೋಲು ಪಕ್ಕಕ್ಕಿಟ್ಟುಕೊಂಡು ಕೂತಿದ್ದ ಪುಟ್ಟಿ ಕಣ್ಣಲ್ಲಿ ನೀರು. ದುಡ್ಡು ಹೋದದ್ದಕ್ಕಿಂತ ನನಗೆ ಆ ನೀರು ಜಾಸ್ತಿ ಚುಚ್ಚಿತು.

ಇಲ್ಲೊಂದು ವಿಚಿತ್ರ ನೋಡಿ. ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಅದೇ ಮಂಡಿಗೆ ಆಪರೇಷನ್ ಆಯಿತು. ಅದರ ಖರ್ಚನ್ನು ಅವಳ ಆಫೀಸಿನ ಆರೋಗ್ಯ ವಿಮೆ ಸರಾಗವಾಗಿ ಕೊಟ್ಟಿತು. ಅದೇ ಮಂಡಿ, ಅದೇ ಬೀಳು. ಒಂದು ವಿಮೆ ಇಲ್ಲ ಅಂದಿತು, ಇನ್ನೊಂದು ಹೂಂ ಅಂದಿತು. ಯಾಕೆ ಅಂತ ತಲೆಕೆಡಿಸಿಕೊಂಡು ವಿಚಾರಿಸಿದಾಗ ತಿಳಿದದ್ದು ಇದು. ನಮ್ಮ ದೇಶದ ಆರೋಗ್ಯ ವಿಮೆಗಳಲ್ಲಿ ಸಾಹಸ ಕ್ರೀಡೆಯ ಬಗ್ಗೆ ಯಾವ ಮಾತು ಬಳಸಬೇಕು ಅಂತ ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಗೊತ್ತುಮಾಡಿದೆ. ಅದರ ಪ್ರಕಾರ, ಆ ಆಟವನ್ನು ವೃತ್ತಿಯಾಗಿ ಆಡುವವರಿಗೆ ಮಾತ್ರ ಪರಿಹಾರ ಇಲ್ಲ. ರಜೆಯಲ್ಲಿ ಸಂತೋಷಕ್ಕೆ ಆಡಿ ಬಿದ್ದವರಿಗೆ ಅದು ಅಡ್ಡಿಯಲ್ಲ. ಆದರೆ ವಿದೇಶ ಪ್ರವಾಸದ ವಿಮೆಯ ಕಾಗದ ಬೇರೆ. ಅಲ್ಲಿ ಎಷ್ಟೋ ಪಾಲಿಸಿಗಳು ಹಿಮದ ಆಟವನ್ನು ಸಂತೋಷಕ್ಕೆ ಆಡಿದರೂ ಹೊರಗಿಡುತ್ತವೆ. ಬೇಕಾದವರು ಸಾಹಸ ಕ್ರೀಡೆಯ ರಕ್ಷಣೆ ಅಂತ ಮೇಲೊಂದು ಕಂತು ಕಟ್ಟಿ ಸೇರಿಸಿಕೊಳ್ಳಬೇಕು. ಎಲ್ಲ ಕಂಪೆನಿಗಳಲ್ಲೂ ಅದು ಸಿಗುವುದಿಲ್ಲ, ಕೆಲವದರಲ್ಲಿ ಸಿಗುತ್ತದೆ.

ಹಾಗಾಗಿ ಒಂದು ಮಾತು ಸೆರಗಿಗೆ ಗಂಟು ಹಾಕಿಕೊಳ್ಳಿ: ವೀಸಾ ಕೊಡಿಸುವ ಪಾಲಿಸಿ ಬೇರೆ, ಬೆಟ್ಟದಲ್ಲಿ ಬಿದ್ದಾಗ ಕೈಹಿಡಿಯುವ ಪಾಲಿಸಿ ಬೇರೆ. ಎರಡೂ ಒಂದೇ ಆಗಿರಬಹುದು. ಆದರೆ ನಾವು ಕೇಳಿ ಮಾಡಿಸಿಕೊಂಡಿದ್ದರೆ ಮಾತ್ರ.

ಪಾಲಿಸಿ ಕೊಳ್ಳುವ ಮುನ್ನ ಕೇಳಬೇಕಾದ್ದು

ಸೀರೆ ಕೊಳ್ಳುವಾಗ ಸೆರಗು ಬಿಡಿಸಿ, ಅಂಚು ತಿರುಗಿಸಿ, ಬೆಳಕಿಗೆ ಹಿಡಿದು ನೋಡದೆ ಬಿಡುತ್ತೇವಾ? ಇದನ್ನೂ ಹಾಗೇ ನೋಡಿ. ಈ ಪ್ರಶ್ನೆಗಳನ್ನು ಕತ್ತರಿಸಿಟ್ಟುಕೊಳ್ಳಬಹುದು.

1. ಆಟದ ಹೆಸರು ಹಿಡಿದು ಕೇಳಿ. 'ಪ್ರವಾಸಕ್ಕೆ' ಅಂದರೆ ಸಾಲದು, 'ಸ್ಕೀಯಿಂಗ್' ಅಂದರೂ ಸಾಲದು. 'ಟೆಲಿಮಾರ್ಕ್ ಸ್ಕೀಯಿಂಗ್' ಅನ್ನಿ. ಕೆಲವು ವಿದೇಶಿ ಕಂಪೆನಿಗಳ ಪಟ್ಟಿಯಲ್ಲಿ ಇದಕ್ಕೆ ಬೇರೆ ಸಾಲೇ ಇರುತ್ತದೆ. ಉತ್ತರ ಬಾಯಿಮಾತಲ್ಲಿ ಬೇಡ, ಬರಹದಲ್ಲಿ ಬರಲಿ. ಈಮೇಲ್ ಆದರೂ ಸರಿ.

2. ಯಾವ ಜಾಗ? ಹಿಮವನ್ನು ಯಂತ್ರದಿಂದ ಹದಮಾಡಿ, ಗುರುತು ನೆಟ್ಟು, ಕಾವಲಿಟ್ಟ ಇಳಿಜಾರಿಗೆ 'ಪೀಸ್ಟ್' ಅನ್ನುತ್ತಾರೆ. ಅದರಾಚೆಯ ಕಾಡು ಹಿಮ 'ಆಫ್ ಪೀಸ್ಟ್'. ಟೆಲಿಮಾರ್ಕ್‌ನವರಿಗೆ ಹಿಮ್ಮಡಿ ಬಿಡುವಿರುವುದರಿಂದ ಬೆಟ್ಟ ಹತ್ತಿ ಹೋಗುವುದೂ ಸುಲಭ, ಹೀಗಾಗಿ ಆಚೆ ಹೋಗುವ ಆಸೆ ಜಾಸ್ತಿ. ಹಿಮಕುಸಿತದ ಅಪಾಯವೂ ಅಲ್ಲೇ ಜಾಸ್ತಿ. ಕೆಲವು ಪಾಲಿಸಿಗಳು ಅಲ್ಲಿಗೆ ಸಲ್ಲುವುದೇ ಇಲ್ಲ, ಕೆಲವು ತರಬೇತಾದ ಮಾರ್ಗದರ್ಶಿ ಜೊತೆಗಿದ್ದರೆ ಮಾತ್ರ ಸಲ್ಲುತ್ತವೆ.

3. ಹುಡುಕಿ ತರುವ ಖರ್ಚು ಸೇರಿದೆಯೇ? ಆಸ್ಪತ್ರೆ ಖರ್ಚು ಬೇರೆ, ಬೆಟ್ಟದಿಂದ ಕೆಳಗೆ ತರುವ ಖರ್ಚು ಬೇರೆ. ನಾರ್ವೆಯಲ್ಲಿ ಬೆಟ್ಟದ ರಕ್ಷಣೆ ಸರ್ಕಾರದ ಮತ್ತು ರೆಡ್‌ಕ್ರಾಸ್ ಸ್ವಯಂಸೇವಕರ ಕೆಲಸ, ಸಿಕ್ಕಿಬಿದ್ದವರಿಗೆ ಬಿಲ್ಲು ಕಳಿಸುವುದಿಲ್ಲ. ಆದರೆ ಸ್ವಿಟ್ಜರ್‌ಲೆಂಡ್, ಆಸ್ಟ್ರಿಯಾಗಳಲ್ಲಿ ಹೆಲಿಕಾಪ್ಟರ್ ಬಂದರೆ ಸಾವಿರಾರು ಯೂರೋ ಬಿಲ್ಲು ಕೈಗೆ ಬರುತ್ತದೆ.

4. ಇನ್ನೊಬ್ಬರಿಗೆ ಗುದ್ದಿದರೆ? ನಮ್ಮ ಮಗು ಜಾರಿ ಹೋಗಿ ಬೇರೆಯವರ ಕಾಲು ಮುರಿದರೆ ಪರಿಹಾರ ಕೊಡಬೇಕಾಗುತ್ತದೆ. ಇಟಲಿಯಲ್ಲಂತೂ 2022ರ ಜನವರಿಯಿಂದ, ಇನ್ನೊಬ್ಬರಿಗಾಗುವ ನಷ್ಟ ತುಂಬುವ ಇಂಥ ವಿಮೆಯಿಲ್ಲದೆ ಸ್ಕೀ ಇಳಿಜಾರಿಗೆ ಇಳಿಯುವಂತಿಲ್ಲ.

5. ನಮ್ಮ ಕೈಯಿಂದ ಎಷ್ಟು? ಪ್ರತಿ ಕ್ಲೇಮಿನಲ್ಲೂ ಮೊದಲ ಇಷ್ಟು ಡಾಲರು ನೀವೇ ಭರಿಸಬೇಕು ಅನ್ನುವ ಷರತ್ತು ಇರುತ್ತದೆ. 'ಡಿಡಕ್ಟಿಬಲ್' ಅನ್ನುತ್ತಾರೆ. ಕಂತು ಕಡಿಮೆ ಇದ್ದಲ್ಲಿ ಇದು ಜಾಸ್ತಿ ಇದ್ದೀತು, ನೋಡಿ.

6. ಹಳೆಯ ಕಾಯಿಲೆ, ಹಳೆಯ ಏಟು. ಉಬ್ಬಸ, ಸಕ್ಕರೆ, ಹಿಂದೆ ಮುರಿದ ಮೂಳೆ ಯಾವುದನ್ನೂ ಮುಚ್ಚಿಡಬೇಡಿ. ಮುಚ್ಚಿಟ್ಟದ್ದು ಗೊತ್ತಾದರೆ ಇಡೀ ಕ್ಲೇಮೇ ಹೋದೀತು.

7. ಕುಡಿತ. ಕುಡಿದು ಬಿದ್ದದ್ದಕ್ಕೆ ಪರಿಹಾರವಿಲ್ಲ ಅನ್ನುವುದು ಬಹುಪಾಲು ಎಲ್ಲ ಕಾಗದಗಳಲ್ಲೂ ಇರುತ್ತದೆ. ನಮ್ಮ ಮಕ್ಕಳು ಹಾಗಲ್ಲ ಅಂತ ನಾವು ಅಂದುಕೊಂಡಿರುತ್ತೇವೆ. ಒಂದು ಮಾತು ಹೇಳಿಡುವುದರಲ್ಲಿ ತಪ್ಪಿಲ್ಲ. ಪಂದ್ಯದಲ್ಲಿ ಸೇರಿದರೂ ಪರಿಹಾರ ಸಿಗದಿರಬಹುದು.

8. ಸಾಮಾನು. ಪಟ್ಟಿ, ಬೂಟು ಬಾಡಿಗೆಯದ್ದಾಗಿದ್ದು ಮುರಿದರೆ ಯಾರು ಕೊಡಬೇಕು ಅಂತಲೂ ಕೇಳಿಡಿ.

9. ಯಾವಾಗ, ಯಾರಿಗೆ ತಿಳಿಸಬೇಕು? ಪಾಲಿಸಿಯಲ್ಲಿ ಇಪ್ಪತ್ತನಾಲ್ಕು ಗಂಟೆಯೂ ಎತ್ತುವ ಫೋನು ನಂಬರು ಇರುತ್ತದೆ. ದೊಡ್ಡ ಖರ್ಚಿಗೆ ಮೊದಲು ಅವರಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕು. ಆ ನಂಬರು ಮಗುವಿನ ಜೇಬಿನಲ್ಲೂ ಇರಲಿ, ನಿಮ್ಮ ಕ್ಯಾಲೆಂಡರಿನ ಹಿಂದೆಯೂ ಇರಲಿ. ಡಾಕ್ಟರ ವರದಿ, ಬಿಲ್ಲು, ರಸೀದಿ ಒಂದನ್ನೂ ಎಸೆಯಬಾರದು. ಜೀವದ ತುರ್ತಿಗೆ ಮಾತ್ರ ಕಾಯಬಾರದು. ನಾರ್ವೆಯಲ್ಲಿ ಆಂಬುಲೆನ್ಸಿಗೆ 113.

ಇಷ್ಟೆಲ್ಲ ಊರು ಬಿಡುವ ಮೊದಲೇ ಆಗಬೇಕು. ವಿಮಾನ ಹತ್ತಿದ ಮೇಲೆ ಇಲ್ಲಿಯ ಪಾಲಿಸಿ ಸಾಮಾನ್ಯವಾಗಿ ಸಿಗುವುದಿಲ್ಲ.

ಕಾಗದದಲ್ಲಿ ನಿಮ್ಮ ಕಡೆ ನ್ಯಾಯವಿದ್ದೂ ಕಂಪೆನಿ ಕೊಡದೆ ಹೋದರೆ ಸುಮ್ಮನೆ ಕೂರಬೇಡಿ. ಮೊದಲು ಕಂಪೆನಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸರಿಯೆನಿಸದಿದ್ದರೆ, ವಿಮಾ ಒಂಬುಡ್ಸ್‌ಮನ್ ಅವರಿಗೆ ಬರೆಯಬಹುದು. ಬೆಂಗಳೂರಿನಲ್ಲಿ ಅವರ ಕಚೇರಿಯಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ನಾವು ಹೋಗಲಿಲ್ಲ, ಯಾಕೆಂದರೆ ಹದಿನೇಳನೆಯ ಪುಟ ನಮ್ಮ ಕಡೆಗಿರಲಿಲ್ಲ.

ಹಾಗಾದರೆ ಕಳಿಸಬಾರದೇ?

2024ರ ಜೂನ್ ತಿಂಗಳ ಸುದ್ದಿ ನಿಮಗೆ ನೆನಪಿರಬೇಕು. ಉತ್ತರಾಖಂಡದ ಸಹಸ್ರತಾಲದ ಹಾದಿಯಲ್ಲಿ ನಮ್ಮ ಕರ್ನಾಟಕದಿಂದ ಚಾರಣ ಹೋದವರ ತಂಡ ಹಿಮಗಾಳಿಗೆ ಸಿಕ್ಕಿ ಒಂಬತ್ತು ಮಂದಿ ತೀರಿಕೊಂಡರು. ಉಳಿದವರನ್ನು ಹೆಲಿಕಾಪ್ಟರಿನಲ್ಲಿ ತಂದರು. ಆ ದಿನ ಟೀವಿ ಮುಂದೆ ಕೂತು ನಾನು ಅತ್ತಿದ್ದೇನೆ. ಯಾವ ಪಾಲಿಸಿಯೂ ಹೋದ ಜೀವ ತರಲಾರದು. ವಿಮೆ ಇದೆ ಅಂತ ಬೆಟ್ಟ ಮೆತ್ತಗಾಗುವುದಿಲ್ಲ. ಇದನ್ನು ಮಕ್ಕಳಿಗೆ ಹೇಳಲೇಬೇಕು.

ನಾರ್ವೆಯವರು ಬೆಟ್ಟಕ್ಕೆ ಹೋಗುವವರಿಗೆ ಒಂಬತ್ತು ನಿಯಮ ಮಾಡಿದ್ದಾರೆ. ಹೋಗುವ ದಾರಿ ಯಾರಿಗಾದರೂ ತಿಳಿಸಿ ಹೋಗು, ಹವಾಮಾನ ನೋಡಿಕೋ, ಇಂಥವು. ಅದರಲ್ಲಿ ನನಗೆ ಹಿಡಿಸಿದ್ದು, ಸಮಯವಿರುವಾಗಲೇ ಹಿಂತಿರುಗು, ಹಿಂತಿರುಗುವುದರಲ್ಲಿ ನಾಚಿಕೆಯಿಲ್ಲ ಅನ್ನುವುದು. ನಮ್ಮ ಅಜ್ಜಿ ಹೇಳಬಹುದಾದ ಮಾತು ಅಲ್ಲವೇ?

ಆದರೆ ಮಗಳನ್ನು ಮನೆಯಲ್ಲೇ ಕೂರಿಸಿಕೊಳ್ಳಲು ಮನಸ್ಸು ಒಪ್ಪಲಿಲ್ಲ. 2025ರ ಫೆಬ್ರವರಿಯಲ್ಲಿ, ಆಪರೇಷನ್ ಆಗಿ ಎರಡು ವರ್ಷವಾಗುತ್ತಾ ಬಂದಿತ್ತು, ಅವಳು ಫೋನು ಮಾಡಿ ಹೆದರುತ್ತಾ ಕೇಳಿದಳು, "ಅಮ್ಮ, ಡಾಕ್ಟ್ರು ಆಗಬಹುದು ಅಂದಿದಾರೆ. ಇನ್ನೊಂದ್ ಸಲ ಹೋಗ್ಲಾ?"

ನನ್ನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಆದರೂ, "ಟಿಕೆಟ್ಟು ಆಮೇಲೆ ತಗೋ. ಮೊದಲು ಪಾಲಿಸಿ ಕಳಿಸು" ಅಂದೆ.

ಕಳಿಸಿದಳು. ಈ ಸಲ ಸಾಹಸ ಕ್ರೀಡೆಯ ರಕ್ಷಣೆ ಸೇರಿಸಿದ್ದಳು, ಸ್ಕೀಯಿಂಗ್ ಅಂತ ಹೆಸರೂ ಇತ್ತು. ಎರಡು ಮಧ್ಯಾಹ್ನ ಕೂತು ಇಡೀ ಕಾಗದ ಓದಿದೆ. ಒಂದು ಕಡೆ ನಿಂತೆ. ಹಿಂದೆ ಇದ್ದ ಕಾಯಿಲೆ, ಗಾಯಗಳಿಗೆ ಪರಿಹಾರವಿಲ್ಲ ಅಂತಿತ್ತು. ಫೋನು ಮಾಡಿ ಕೇಳಿದೆ, "ಪುಟ್ಟಿ, ನಿನ್ನ ಮಂಡಿ ಆಪರೇಷನ್ ವಿಚಾರ ಬರೆದಿದೀಯಾ?" ಆ ಕಡೆ ಮೌನ. ಬರೆದಿರಲಿಲ್ಲ. "ಅದು ವಾಸಿಯಾಗಿದೆಯಲ್ಲಮ್ಮ" ಅಂದಳು. "ವಾಸಿಯಾಗಿದ್ದರೆ ಬರೆಯೋಕೆ ಏನು ಕಷ್ಟ?" ಅಂದೆ.

ಬರೆದು ಕೇಳಿದೆವು. ಕಂಪೆನಿ ಉತ್ತರ ಕೊಟ್ಟಿತು: ಬೇರೆ ಹೊಸ ಗಾಯಕ್ಕೆ ಪರಿಹಾರ ಉಂಟು, ಆ ಮಂಡಿಯ ತೊಂದರೆಗೆ ಇಲ್ಲ, ಹದಮಾಡಿದ ಇಳಿಜಾರಿನಲ್ಲಿ, ತರಬೇತುದಾರರ ಜೊತೆಯಲ್ಲಿ ಆಡಬೇಕು. ಟೆಲಿಮಾರ್ಕ್ ಅಂತ ಹೆಸರು ಬರೆಸಿಕೊಂಡೆವು. ಆ ಉತ್ತರ ಓದಿಯೇ ಅವಳು ಲೆಕ್ಕ ಹಾಕಿದಳು. ಮಂಡಿಯ ಜವಾಬ್ದಾರಿ ತನ್ನದೇ ಅಂತ ಗೊತ್ತಾಯಿತಲ್ಲ, ಕಡಿದಾದ ಇಳಿಜಾರು ಬಿಟ್ಟಳು. ಕಲಿಯುವವರ ಸಣ್ಣ ಇಳಿಜಾರಿನಲ್ಲೇ ಒಂದು ವಾರ ಆಡಿದಳು. ಅದರ ಜೊತೆಗೆ ಮಂಡಿಯ ಸಲುವಾಗಿ ಅಂತ ಒಂದಷ್ಟು ದುಡ್ಡು ಬೇರೆ ತೆಗೆದಿಟ್ಟುಕೊಂಡೇ ಹೋಗಿದ್ದಳು. ನಾನು ನೂರು ಸಲ 'ಜೋಪಾನ' ಅಂದಿದ್ದರೂ ಆಗದ ಕೆಲಸವನ್ನು ಆ ಒಂದು ಕಾಗದ ಮಾಡಿತು ನೋಡಿ!

ಒಂದು ದಿನ ಮಂಜು ಕವಿದಾಗ ಅರ್ಧಕ್ಕೇ ವಾಪಸ್ಸು ಬಂದಳಂತೆ. "ನಾಚಿಕೆ ಆಗ್ಲಿಲ್ಲ ಅಮ್ಮ" ಅಂತ ನಗುತ್ತಾ ಹೇಳಿದಳು.

ಬರುವಾಗ ಅಲ್ಲಿಯ ಕಂದು ಬಣ್ಣದ ಗಿಣ್ಣು ತಂದಿದ್ದಳು. ಹಾಲಿನ ತಿಳಿಯನ್ನು ಗಂಟೆಗಟ್ಟಲೆ ಕಾಯಿಸಿ ಮಾಡುತ್ತಾರಂತೆ. ತೆಳ್ಳಗೆ ಹೆರೆದು ಬಾಯಿಗಿಟ್ಟರೆ ಬೆಲ್ಲ ಹಾಕಿದ ಖೋವಾ ನೆನಪಾಗುತ್ತದೆ, ಕೊನೆಗೆ ಸ್ವಲ್ಪ ಉಪ್ಪು. ನಾದಿನಿಗೂ ಕೊಟ್ಟೆ. ಎರಡು ಚೂರು ತಿಂದು, ಆಚೆ ಈಚೆ ನೋಡಿ, ಮೆಲ್ಲಗೆ ಕೇಳಿದಳು: "ಅತ್ತಿಗೆ, ನಮ್ಮ ಹುಡುಗ ಮುಂದಿನ ಚಳಿಗಾಲಕ್ಕೆ ಸ್ವಿಟ್ಜರ್‌ಲೆಂಡಿಗೆ ಅಂತಿದಾನೆ. ಆ ಪಾಲಿಸಿ ಕಾಗದ ಒಂದ್ಸಲ ನೀವೇ ನೋಡಿಬಿಡ್ತೀರಾ?"

ನೋಡುತ್ತೇನೆ ಅಂದೆ. ನನ್ನ ನಾಲ್ಕು ಬಳೆಗಳಲ್ಲಿ ಎರಡು ಬಿಡಿಸಿಕೊಂಡಿದ್ದಾಯಿತು, ಇನ್ನೆರಡು ಬ್ಯಾಂಕಿನಲ್ಲಿವೆ. ನಿಮ್ಮ ಬಳೆ ನಿಮ್ಮ ಕೈಯಲ್ಲೇ ಇರಲಿ ಸೋದರಿಯರೇ. ಈ ಹೊತ್ತು ಮಧ್ಯಾಹ್ನ ಅಡಿಗೆಮನೆ ಕೆಲಸ ಮುಗಿದ ಮೇಲೆ, ಬೀರು ತೆಗೆದು ಸೀರೆಗಳ ಕೆಳಗೆ ಕೈ ಹಾಕಿ. ಮೊದಲ ಪುಟದಲ್ಲಿ ಹೆಸರು ನೋಡಿ ನಿಲ್ಲಿಸಬೇಡಿ, ಹದಿನೇಳನೆಯ ಪುಟದವರೆಗೂ ಹೋಗಿ.